ಗೀಸರ್ ಕೆಮ್ಮುತ್ತದೆ, ಹೆದರಬೇಡಿ

ಮಾರ್ಚ್ 4, ಬೆಳಿಗ್ಗೆ

ಬೇಬಿಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಅಂಚಿನವರೆಗೆ. ಅಂಚು ಬಿಟ್ಟರೆ ಮುಟ್ಟುವುದಿಲ್ಲ. ಆಗ ತಮ್ಮ ಬಂದ. ಫೋನಿಲ್ಲ, ಏನಿಲ್ಲ. ಶೂ ಹಾಕಿಕೊಂಡೇ ಒಳಗೆ. ಬೇಬಿ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. "ಶೂ" ಅಂದಳು. ಅವನು ನಕ್ಕ. ಬಿಚ್ಚಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಂಗಿಗೆ ನಲವತ್ತೆರಡು. ಇನ್ನೂ ಬೇಬಿ. ಅಪ್ಪ ಕರೆಯುತ್ತಿದ್ದ ಹೆಸರು. ಅಪ್ಪ ಹೋದರು, ಮುದ್ದು ಹೋಯಿತು, ಹೆಸರು ಮಾತ್ರ ಅಂಟಿಕೊಂಡಿದೆ.

ತಮ್ಮನದು ಹೊಸ ಉದ್ಯಮ. ಹೋದ ಸಲ ನೀರಿನ ಫಿಲ್ಟರ್, ಅದಕ್ಕೂ ಹಿಂದೆ ಬೊಜ್ಜು ಕರಗಿಸುವ ಬೆಲ್ಟು. ಈ ಸಲ ಮನೆ. ಕಟ್ಟುವುದಲ್ಲ, ಕೊಳ್ಳುವುದೂ ಅಲ್ಲ. ಆಸ್ಪತ್ರೆ ರಸ್ತೆಯ ಹಿಂದಿನ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ, ಎದುರುಬದುರಾಗಿರುವ ಎರಡು ಫ್ಲ್ಯಾಟನ್ನು ಲೀಸಿಗೆ ಹಿಡಿದಿದ್ದಾನೆ. ಅವನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾನಂತೆ. ಎಲ್ಲರಿಗೂ ಅಲ್ಲ, "ನ್ಯೂರೋಡೈವರ್ಜೆಂಟ್" ಜನಕ್ಕೆ, ಅಂದರೆ ಮೆದುಳು ಬೇರೆ ಥರ ಓಡುವವರಿಗೆ. ಹೊಸದಾಗಿ ಹಲ್ಲು ಸೆಟ್ ಕಟ್ಟಿಸಿಕೊಂಡವರು ಮಾತಾಡುವಷ್ಟು ಎಚ್ಚರಿಕೆಯಿಂದ ಆ ಶಬ್ದ ಹೇಳಿದ. ನಮ್ಮ ಮನೆಯಲ್ಲಿ ಇದಕ್ಕಿದ್ದ ಶಬ್ದಗಳು ಬೇರೆ. ಹಠ. ಒಂಥರಾ. ನೆಂಟರ ಎದುರು: ಸ್ವಲ್ಪ ನಾಚಿಕೆ ಜಾಸ್ತಿ.

"ಬೇಬಿನೇ ಕಣೆ ನನಗೆ ಇನ್‌ಸ್ಪಿರೇಶನ್" ಅಂದ. ಅವಳ ಹುಟ್ಟುಹಬ್ಬ ಯಾವತ್ತು ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಅವನು ತಪ್ಪು ಹೇಳುವುದನ್ನು ಕೇಳುವ ಸುಖಕ್ಕೂ ಸಮಯ ಬೇಕು. ನನಗೆ ಪ್ರೆಸ್ಸಿಗೆ ಹೊತ್ತಾಗಿತ್ತು.

ಜಾಹೀರಾತು ನಾನು ಬರೆದುಕೊಡಬೇಕಂತೆ. "ನೀನು ಎಂ.ಎ. ಮಾಡಿದೀಯ, ಕವಿತೆ ಗಿವಿತೆ ಓದ್ತೀಯ. ನಾಲ್ಕು ಸಾಲು. ಮನಸ್ಸಿಗೆ ತಟ್ಟೋ ಹಾಗೆ."

ಕವಿತೆ ಓದುತ್ತೇನೆ, ಹೌದು. ಹೊಟ್ಟೆಪಾಡಿಗೆ ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಎರಡೂ ಕಲಿಸಿದ್ದು ಒಂದೇ, ಬೇಡದ ಶಬ್ದಕ್ಕೆ ಗೆರೆ ಎಳೆಯುವುದು. ತಮ್ಮನ ಮೇಲೆ ಗೆರೆ ಎಳೆಯಲು ಶುರುಮಾಡಿದರೆ ಏನು ಉಳಿಯುತ್ತದೋ.


ಮಾರ್ಚ್ 6

ಸ್ಕ್ಯಾನ್ ರಿಪೋರ್ಟ್ ತೋರಿಸಿಬಂದೆ. ಗರ್ಭಕೋಶ ತೆಗೆಯಲೇಬೇಕು. ಗೆಡ್ಡೆಗಳಿವೆ, ದೊಡ್ಡವು. ಇನ್ನೂ ಕಾಯುವುದು ಬೇಡ, ಏಪ್ರಿಲ್‌ನಲ್ಲೇ ಮುಗಿಸೋಣ. ತೆಗೆದಮೇಲೆ ಪರೀಕ್ಷೆಗೆ ಕಳಿಸುತ್ತಾರಂತೆ. "ಸುಮ್ಮನೆ, ರೂಟೀನ್" ಅಂದರು ಡಾಕ್ಟರು, ಕಣ್ಣು ಕಂಪ್ಯೂಟರ್ ಮೇಲಿಟ್ಟುಕೊಂಡು. ಸುಮ್ಮನೆ ಯಾರೂ ಏನನ್ನೂ ಎಲ್ಲಿಗೂ ಕಳಿಸುವುದಿಲ್ಲ.

"ಮನೇಲಿ ನೋಡ್ಕೊಳ್ಳೋಕೆ ಯಾರಾದ್ರೂ ಇದಾರಾ?" ಕೇಳಿದರು. ಇಲ್ಲ ಅಂದೆ, ಅದೇ ಯೋಚನೆ. ಅವರು ಕೇಳಿದ್ದು ನನ್ನ ಬಗ್ಗೆ ಎಂದು ಹೊಳೆದದ್ದು ಬಸ್ಸಿನಲ್ಲಿ.

ನಾನು ಆಸ್ಪತ್ರೆಯಲ್ಲಿರುವ ರಾತ್ರಿಗಳಲ್ಲಿ ಬೇಬಿ ಎಲ್ಲಿ ಮಲಗುತ್ತಾಳೆ? ಮಿಕ್ಕಿದ್ದೆಲ್ಲ ಡಾಕ್ಟರ ತಲೆನೋವು.

ಮನೆಯಲ್ಲೇ ಇರಲಿ ಅನ್ನುವಂತಿಲ್ಲ. ಎರಡು ವರ್ಷದ ಹಿಂದೆ ಪ್ರೆಸ್ಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದೆ, ಒಂದೇ ರಾತ್ರಿ. ವಾಪಸು ಬಂದಾಗ ನನ್ನ ಖಾಲಿ ಮಂಚದ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಲಗಿಲ್ಲ, ತಿಂದಿಲ್ಲ, ಬಾತ್‌ರೂಮಿಗೂ ಹೋದಂತಿರಲಿಲ್ಲ. ಜೊತೆಗಿರಲು ಬಂದಿದ್ದ ತಮ್ಮ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ.

ತಮ್ಮನ ಮನೆ: ಎರಡು ಮಕ್ಕಳು, ಒಂದು ನಾಯಿ, ಯಾರೂ ನೋಡದಿದ್ದರೂ ಉರಿಯುವ ಟಿವಿ. ನಾನೇ ಅಲ್ಲಿ ಒಂದು ಗಂಟೆ ಇರಲಾರೆ.

ಹೋಟೆಲು: ಚಿಕ್ಕಪ್ಪನ ಮಗಳ ಮದುವೆಯಲ್ಲಿ ಒಮ್ಮೆ ಆಗಿಹೋಗಿದೆ. ಕಾರಿಡಾರಿನಲ್ಲಿ ಕಿವಿ ಮುಚ್ಚಿಕೊಂಡು ಕೂತವಳನ್ನು ಎಬ್ಬಿಸಲು ಹೋಗಿ ರೂಂಬಾಯ್ ಕೈ ಹಿಡಿದ. ಆಮೇಲೆ ಅವಳು ಕೂಗಿದ್ದು ಕೆಳಗಿನ ಊಟದ ಹಾಲಿಗೂ ಕೇಳಿಸಿತು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ಗೆಸ್ಟುಗಳಿಗೆ ತೊಂದರೆಯಾಗುತ್ತದೆ ಎಂದು ತುಂಬ ಮರ್ಯಾದೆಯಿಂದ ಹೇಳಿದ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ತಮ್ಮನಿಗೆ ಫೋನಿನಲ್ಲಿ ಆಪರೇಶನ್ ವಿಷಯ ಹೇಳಿದೆ. ಟಿವಿಯ ಸದ್ದು ಇಳಿಸಿದ. ಮನುಷ್ಯನೇ ಇರಬಹುದು ಅಂದುಕೊಂಡೆ. ಆಮೇಲೆ ಅಂದ: "ಹಾಗಾದ್ರೆ ಬೇಬಿನೇ ನಮ್ಮ ಫಸ್ಟ್ ಗೆಸ್ಟ್!"


ಮಾರ್ಚ್ 9, ಭಾನುವಾರ

ಫ್ಲ್ಯಾಟು ನೋಡಿಬಂದೆ. ಬೇಬಿಯನ್ನು ಕರೆದೊಯ್ಯಲಿಲ್ಲ.

ಒಳಗಿನ ಅಲಂಕಾರಕ್ಕೆ ತಮ್ಮ ಗೊತ್ತುಮಾಡಿರುವ ಡಿಸೈನರ್ ಮೇಡಂ ಅಲ್ಲಿದ್ದಳು. ಚಿಕ್ಕ ಹುಡುಗಿ. ದೊಡ್ಡ ಕಿವಿಯೋಲೆ. ಪಿಸುದನಿಯಲ್ಲೇ ಮಾತು. ಗಂಟಲು ಕೆಟ್ಟಿದೆಯೇ ಅಂದೆ. ಇಲ್ಲವಂತೆ, "ಈ ಸ್ಪೇಸ್‌ನಲ್ಲಿ ನಾವು ವಾಯ್ಸ್ ಲೋ ಇಟ್ಕೋತೀವಿ." ಕಿವಿಯೋಲೆ ಮಾತ್ರ ತಲೆಯಾಡಿಸಿದಾಗಲೆಲ್ಲ ಕಿಣಿಕಿಣಿ ಅನ್ನುತ್ತಿತ್ತು.

ಗೋಡೆ, ಪರದೆ, ಹೊದಿಕೆ, ಕಾಲೊರಸು, ಎಲ್ಲ ಒಂದೇ ಬಣ್ಣ. ಬಹಳ ಸಲ ಒಗೆದ ಬನಿಯನ್ನಿನದು. ಅದಕ್ಕೊಂದು ದುಬಾರಿ ಇಂಗ್ಲಿಷ್ ಹೆಸರಿದೆ. ಗೋಡೆ ಎಲ್ಲಿ ಮುಗಿಯಿತು, ಮಂಚ ಎಲ್ಲಿ ಶುರುವಾಯಿತು ಗೊತ್ತಾಗದೆ ಮೊಣಕಾಲು ಬಡಿಸಿಕೊಂಡೆ. ಕತ್ತಲಲ್ಲಿ ಎಡವುವ ಸೌಕರ್ಯವನ್ನು ಹಗಲಿಗೂ ಒದಗಿಸಿದ್ದಾಳೆ. ಬುಟ್ಟಿಯಲ್ಲಿ ಹಿಸುಕುವ ಚೆಂಡುಗಳು. ಕಿಟಕಿ ಪಕ್ಕ ಒಂದು ಸೋಫಾ, ಕೂತರೆ ಏಳಲಾಗದಂಥದ್ದು. ಅದರ ಮೇಲಿನ ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ: ಉಸಿರಾಡಿ.

ಉಸಿರಾಡುವುದನ್ನು ಗೋಡೆ ನೋಡಿ ನೆನಪು ಮಾಡಿಕೊಳ್ಳಬೇಕಾದವರು ಬಾಡಿಗೆ ಕೊಡಲು ಉಳಿದಿರುತ್ತಾರೆಯೇ?

ಇದೆಲ್ಲದರ ನಡುವೆ ಯಾರೂ ಗಮನಿಸದ್ದು: ಹೊರಗೆ ಟ್ಯೂಬ್‌ಲೈಟ್ ಮಿನುಗುತ್ತಿದೆ. ಲಿಫ್ಟಿನಲ್ಲಿ ಆಳೆತ್ತರದ ಕನ್ನಡಿ, ಮೂಲೆ ಒಡೆದಿದೆ. ಬಾತ್‌ರೂಮಿನ ನಲ್ಲಿ ತಿರುಗಿಸಿದರೆ ಗೀಸರ್ ಮೊದಲು ಕೆಮ್ಮುತ್ತದೆ, ಹಳೇ ಸಿಗರೇಟಿನವನ ಹಾಗೆ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆಯುತ್ತಾರೆ. ಬೇಬಿಯ ಜೊತೆ ಬದುಕಿದವರಿಗೆ ಇವೆಲ್ಲ ಬಾಗಿಲಲ್ಲೇ ಕೇಳಿಸುತ್ತವೆ. ಡಿಸೈನರಿಗೆ ಹೇಳಿದೆ. "ಅದು ಕಾಮನ್ ಏರಿಯಾ ಮೇಡಂ" ಅಂದಳು. ಗೀಸರು ಕಾಮನ್ ಏರಿಯಾ ಅಲ್ಲವಲ್ಲ ಅಂದೆ. ತಮ್ಮ ನಡುವೆ ಬಾಯಿ ಹಾಕಿದ: "ಫೋಟೋದಲ್ಲಿ ಸೌಂಡ್ ಬರಲ್ಲ ಬಿಡಕ್ಕಾ."

ಹೊರಡುವಾಗ ಓನರ್ ಸಿಕ್ಕರು. ನಿವೃತ್ತ ಅಧಿಕಾರಿ, ಎದೆ ಮಾತ್ರ ಇನ್ನೂ ನಿವೃತ್ತವಾಗಿಲ್ಲ. "ಬರೋ ಜನ ಎಂಥವರು? ಗಲಾಟೆ ಗಿಲಾಟೆ..." ಅಂದರು. ಗಲಾಟೆ ತಡೆಯಲಾಗದವರೇ ಬರುವುದು ಅಂದೆ. ಅರ್ಥವಾಗಲಿಲ್ಲ. ತುಂಬ ಸಮಾಧಾನಪಟ್ಟುಕೊಂಡು ಹೋದರು.


ಮಾರ್ಚ್ 10, ಮಧ್ಯಾಹ್ನ

ತಮ್ಮ ತಾನೇ ಬರೆದ ನಾಲ್ಕು ಸಾಲು ಕಳಿಸಿದ್ದಾನೆ. "ಪ್ರಶಾಂತತೆಯ ಮಡಿಲಲ್ಲಿ ನಿಮ್ಮ ವಿಶೇಷ ಮನಸ್ಸಿಗೊಂದು ಮನೆ." ಊಟದ ಹೊತ್ತಿನಲ್ಲಿ ಓದಿದೆ. ಊಟ ಕೆಟ್ಟಿತು.

ಬರಹ ಸಾಲದು, ವಿಡಿಯೋನೂ ಬೇಕಂತೆ. ಗೇಟಿನಿಂದ ಹಾಸಿಗೆವರೆಗೆ ನಡೆದುಕೊಂಡು ಹೋಗುತ್ತ ಹೇಳಬೇಕು. "ನಿನ್ನ ವಾಯ್ಸ್ ಚೆನ್ನಾಗಿದೆ, ನ್ಯೂಸ್ ಓದೋರ ತರ." ಯಾವ ನ್ಯೂಸ್ ಎಂದು ಹೇಳಲಿಲ್ಲ.

ಸರಿ. ಮಾಡಿಕೊಡುತ್ತೇನೆ. ಅವನಿಗೆ ತಕ್ಕದ್ದನ್ನೇ.


ಮಾರ್ಚ್ 10, ಸಂಜೆ

ಮುಗಿಸಿಬಂದೆ. ಬಹಳ ದಿನಗಳ ನಂತರ ಮನಸ್ಸು ಹಗುರ. ದ್ವೇಷದಿಂದ ಮಾಡಿದ ಕೆಲಸದಲ್ಲಿ ಒಂದು ಅಚ್ಚುಕಟ್ಟು ಇರುತ್ತದೆ.

ಫೋನು ಕೈಯಲ್ಲಿ ಹಿಡಿದು ನಡೆದೆ, ಕಂಡದ್ದು ಕಂಡ ಹಾಗೆ ಹೇಳಿದೆ. ಒಂದು ವಿಶೇಷಣ ಬಳಸಲಿಲ್ಲ. ನೆನಪಿರುವಷ್ಟು ಇಲ್ಲಿ ಬರೆದಿಡುತ್ತೇನೆ:

"ಗೇಟು ಎಳೆದರೆ ಕಿರುಚುತ್ತದೆ. ಲಿಫ್ಟಿನಲ್ಲಿ ಕನ್ನಡಿ ಇದೆ. ಮುಖ ನೋಡಿಕೊಳ್ಳುವುದು ಬೇಡವಾದರೆ ಬಾಗಿಲ ಕಡೆ ತಿರುಗಿ ನಿಲ್ಲಿ. ಮೂರನೇ ಮಹಡಿಯ ಟ್ಯೂಬ್‌ಲೈಟ್ ಮಿನುಗುತ್ತದೆ. ಸರಿಮಾಡಿಸುತ್ತೇವೆ ಎಂದಿದ್ದಾರೆ. ಮಾಡಿಸುವುದಿಲ್ಲ. ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಯಾರೂ ಇರುವುದಿಲ್ಲ. ಕಿಟಕಿ ಪಕ್ಕದ ಸೋಫಾ ಖಾಲಿ ಇರುತ್ತದೆ. ಗೋಡೆಯ ಮೇಲೆ 'ಉಸಿರಾಡಿ' ಎಂದು ಬರೆದಿದೆ. ನಿರ್ಲಕ್ಷಿಸಬಹುದು. ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿದರೆ ಗೀಸರ್ ಮೊದಲು ಕೆಮ್ಮುತ್ತದೆ, ಆಮೇಲೆ ಬಿಸಿನೀರು ಬರುತ್ತದೆ. ಹೆದರಬೇಡಿ. ಬೆಳಿಗ್ಗೆ ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ. ಕುರ್ಚಿ ಅಷ್ಟೆ. ಕೆಳಗೆ ಬರುವುದಿಲ್ಲ."

ತಮ್ಮನಿಗೆ ಕಳಿಸಿದೆ. ನೋಡಿ ಉರಿದುಕೊಳ್ಳಲಿ. ಎರಡು ನಿಮಿಷಕ್ಕೆ ಉತ್ತರ ಬಂತು: ಒಂದು ಹೆಬ್ಬೆರಳು, ಮೂರು ಚಪ್ಪಾಳೆ. ಅಷ್ಟು ಬೇಗ ಅದನ್ನು ಪೂರ್ತಿ ನೋಡಿರಲು ಸಾಧ್ಯವೇ ಇಲ್ಲ. ಹಾಗೇ ಜಾಹೀರಾತಿಗೆ ಹಾಕಿಬಿಟ್ಟಿದ್ದಾನೆ.

ಅವನಿಗೆ ಬೈಯುವುದೂ ದಂಡ. ಬೈಗುಳವನ್ನೂ ಅವನು ಪೂರ್ತಿ ಕೇಳುವುದಿಲ್ಲ.


ಮಾರ್ಚ್ 21

ಏನೆಂದು ಬರೆಯಲಿ. ಬುಕಿಂಗ್ ಬರುತ್ತಿದೆ.

ಮೊದಲು ಬಂದವಳು ಲೆಕ್ಕಪತ್ರದ ಕೆಲಸದ ಹೆಂಗಸು, ಒಬ್ಬಳೇ, ಯಾವುದೋ ಸಂದರ್ಶನಕ್ಕೆ. ಹೋಗುವಾಗ ಬರೆದಿದ್ದಾಳೆ: "ಗೀಸರ್ ಕೆಮ್ಮುತ್ತದೆ ಅಂದಿದ್ದಿರಿ. ಕೆಮ್ಮಿತು. ಧನ್ಯವಾದ." ಅಷ್ಟೇ. ಎಷ್ಟೋ ವರ್ಷಗಳಿಂದ ಇಷ್ಟು ಒಳ್ಳೆಯ ವಾಕ್ಯ ನನ್ನ ಟೇಬಲ್ಲಿಗೆ ಬಂದಿರಲಿಲ್ಲ. ತಿದ್ದಲು ಏನೂ ಇಲ್ಲ.

ಆಮೇಲೆ ಒಬ್ಬ ಅಪ್ಪ, ಅವನ ಬೆಳೆದ ಮಗ. ಬರುವ ಮುಂಚೆ ಮಗ ವಿಡಿಯೋ ಬಾಯಿಪಾಠ ಮಾಡಿದ್ದನಂತೆ. ಲಿಫ್ಟಿನಲ್ಲಿ ಬಾಗಿಲ ಕಡೆ ತಿರುಗಿ ನಿಂತನಂತೆ. "ಪ್ರವಾಸದಲ್ಲಿ ಮೊದಲ ಸಲ ನಮ್ಮಲ್ಲಿ ಯಾರೂ ಕಿರುಚಲಿಲ್ಲ, ನನ್ನನ್ನೂ ಸೇರಿಸಿ" ಎಂದು ಬರೆದಿದ್ದಾನೆ ಅಪ್ಪ.

ತಮ್ಮ ಉಬ್ಬಿಹೋಗಿದ್ದಾನೆ. "ಆನೆಸ್ಟಿ ಸೆಲ್ ಆಗುತ್ತೆ ಅಂತ ನಾನು ಹೇಳಿರಲಿಲ್ವಾ?" ಹೇಳಿರಲಿಲ್ಲ. ಆ ಶಬ್ದ ಅವನ ಬಾಯಿಂದ ಬಂದದ್ದೇ ಇವತ್ತು ಮೊದಲು. ಡಿಸೈನರ್ ಮೇಡಂಗೆ 'ನಿರ್ಲಕ್ಷಿಸಬಹುದು' ಅಂದದ್ದಕ್ಕೆ ಬೇಜಾರಾಗಿದೆಯಂತೆ. ಅವಳೂ ಉಸಿರಾಡಲಿ.

ತಮಾಷೆ ಅಂದರೆ ಇದು. ಓನರ್ ಕೊನೆಗೂ ಮನಸ್ಸು ಮಾಡಿ ಟ್ಯೂಬ್‌ಲೈಟ್ ಬದಲಿಸಲು ಎಲೆಕ್ಟ್ರಿಷಿಯನ್ ಕರೆಸಿದರಂತೆ. ತಮ್ಮ ಓಡಿಹೋಗಿ ತಡೆದಿದ್ದಾನೆ. "ಮಿನುಗುತ್ತೆ ಅಂತ ವಿಡಿಯೋದಲ್ಲಿ ಹೇಳಿದೀವಿ ಸಾರ್, ಮಿನುಗ್ಲೇಬೇಕು." ಓನರ್ ಈಗ ಅವನನ್ನೂ ಗೆಸ್ಟುಗಳ ಪಟ್ಟಿಗೆ ಸೇರಿಸಿರಬೇಕು.


ಮಾರ್ಚ್ 27

ಪ್ರೆಸ್ಸಿನಿಂದ ಬಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ರೂಮಿನಿಂದ ನನ್ನದೇ ದನಿ. "ಗೇಟು ಎಳೆದರೆ ಕಿರುಚುತ್ತದೆ..." ಬೇಬಿ ಮಂಚದ ಮೇಲೆ ಕಾಲು ಮಡಚಿ ಕೂತು ವಿಡಿಯೋ ನೋಡುತ್ತಿದ್ದಳು. ಮುಗಿಯಿತು. ಮತ್ತೆ ಮೊದಲಿನಿಂದ. ತುಟಿ ನನ್ನ ಮಾತಿಗೆ ಅರ್ಧ ಕ್ಷಣ ಮುಂಚೆ ಅಲ್ಲಾಡುತ್ತಿತ್ತು. ಅಂದರೆ ಇದು ಮೊದಲ ದಿನವಲ್ಲ.

ತಮ್ಮ ಕಳಿಸಿದನಂತೆ. ಕೇಳದೆ ಮಾಡುವ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ.

ಹಾಸಿಗೆಯ ತುದಿಯಲ್ಲಿ ಕೂತು ಹೇಳಿದೆ: ಏಪ್ರಿಲ್ ಹದಿನಾರಕ್ಕೆ ನನಗೆ ಆಪರೇಶನ್. ಐದು ರಾತ್ರಿ ಮನೆಯಲ್ಲಿ ಇರುವುದಿಲ್ಲ. ಬೇಬಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೊಟ್ಟೆ ಕೊಯ್ತಾರಾ?" ಹೌದು. "ಹೊಲೀತಾರಾ?" ಹೌದು. "ದಾರ ಯಾವ ಬಣ್ಣ?" ಗೊತ್ತಿಲ್ಲ ಅಂದೆ. ಇಷ್ಟು ಮುಖ್ಯವಾದದ್ದನ್ನು ಕೇಳಿಕೊಂಡು ಬರದವಳನ್ನು ನೋಡುವ ಹಾಗೆ ಒಮ್ಮೆ ನೋಡಿದಳು.

ಈ ಮನೆಗೆ ಹೋಗಿ ಇರುತ್ತೀಯಾ, ಅಂತ ಫೋನ್ ತೋರಿಸಿದೆ.

"ಯಾವಾಗ?" ಅಂದಳು.

ಬೇಡ ಅನ್ನುತ್ತಾಳೆಂದು ತಯಾರಾಗಿ ಹೋಗಿದ್ದೆ. ಸಮಾಧಾನದ ಮಾತೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವನ್ನು ಏನು ಮಾಡುವುದೆಂದು ತಿಳಿಯದೆ ಹೋಗಿ ಉಳಿದ ಪಾತ್ರೆ ತೊಳೆದೆ.

ಆದರೂ ಅವಳು ಅಲ್ಲಿ ಮಲಗುವುದಿಲ್ಲ. ಈ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ.


ಏಪ್ರಿಲ್ 3

ಹೇಳಿದ್ದೆ.

ಆಪರೇಶನ್ನಿಗೆ ಮೊದಲು ಒಮ್ಮೆ ಅಭ್ಯಾಸವಾಗಲಿ ಎಂದು ಇವತ್ತು ಇಬ್ಬರೂ ಹೋದೆವು. ಇಬ್ಬರೂ ಒಂದು ರಾತ್ರಿ ಅಲ್ಲೇ ಇರುವುದು ಎಂದು ಲೆಕ್ಕ. ಬೇಬಿಯ ಹೊದಿಕೆ, ಬೇಬಿಯ ಲೋಟ, ನನ್ನದೊಂದು ಕವನ ಸಂಕಲನ.

ಮೊದಲರ್ಧ ಸಲೀಸು. ಗೇಟು ಕಿರುಚಿದಾಗ ತಲೆಯಾಡಿಸಿದಳು. ಲಿಫ್ಟಿನಲ್ಲಿ ಬಾಗಿಲ ಕಡೆ ತಿರುಗಿ ನಿಂತಳು. ಟ್ಯೂಬ್‌ಲೈಟ್ ಕೆಳಗೆ ನಿಂತು ಅದು ಮಿನುಗುವವರೆಗೆ ಕಾದು, ಮಿನುಗಿದಮೇಲೆ ಒಳಗೆ ಹೋದಳು. ನೇರ ಬಾತ್‌ರೂಮಿಗೆ, ನಲ್ಲಿ ತಿರುಗಿಸಿದಳು. ಗೀಸರ್ ಕೆಮ್ಮಿತು. ಬೇಬಿ ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು.

ಬಾಗಿಲಲ್ಲಿ ನಿಂತಿದ್ದ ತಮ್ಮ ಕಣ್ಣು ಒರೆಸಿಕೊಂಡ. ಅಳುವುದನ್ನೂ ಯಾರಾದರೂ ನೋಡುವಂತೆ ಅಳುತ್ತಾನೆ. ಡಿಸೈನರ್ ಪಿಸುದನಿಯಲ್ಲಿ "ವಾವ್" ಅಂದಳು. ಇಬ್ಬರನ್ನೂ ಎದುರಿನ ಫ್ಲ್ಯಾಟಿಗೆ ಅಟ್ಟಿ ಬಾಗಿಲು ಹಾಕಿ, ಸೋಫಾದಲ್ಲಿ ಕೂತು ಪುಸ್ತಕ ತೆರೆದೆ.

ಬೇಬಿ ನನ್ನೆದುರು ಬಂದು ನಿಂತಳು. ಕೂತುಕೋ ಅಂದೆ, ಕೂರಲಿಲ್ಲ. ಟೀ ಮಾಡಲಾ ಅಂದೆ, ಅವಳ ಕಣ್ಣು ಸೋಫಾದ ಮೇಲೇ. ಮಂಚ ತೋರಿಸಿದೆ. ಹೊದಿಕೆ ಹಾಸಿಕೊಟ್ಟೆ. ದೀಪ ತಗ್ಗಿಸಿದೆ. ಮತ್ತೆ ಬಂದು ಸೋಫಾದಲ್ಲಿ ಕೂತೆ. ಅವಳು ಮತ್ತೆ ನನ್ನೆದುರು. ಬೆರಳುಗಳು ಕುರ್ತಾದ ಅಂಚನ್ನು ಹಿಂಡಲು ಶುರುಮಾಡಿದವು. ಉಸಿರು ಗಿಡ್ಡವಾಯಿತು. ಇದು ಮುಂದೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಅದಕ್ಕೆ ಮುಂಚೆಯೇ ಚೀಲ ಕಟ್ಟಿದೆ. ದಾರಿದೀಪ ಹತ್ತುವ ಹೊತ್ತಿಗೆ ಮನೆಯಲ್ಲಿದ್ದೆವು.

ತಮ್ಮನ ಮುಖ ನೋಡಬೇಕಿತ್ತು. ಗಾಳಿ ಇಳಿದ ಟಯರು. ಇವರು ಬನಿಯನ್ ಬಣ್ಣ ಬಳಿದು, ಚೆಂಡು ಇಟ್ಟು, ಲೀಸು ಹಿಡಿದುಬಿಟ್ಟರೆ ಅರ್ಥವಾಗಿಬಿಡುತ್ತಾಳೇನು ಅವಳು? ಇಡೀ ಆಯುಷ್ಯ ಜೊತೆಗಿದ್ದವಳು ನಾನು.

ಈ ಗೆಲುವನ್ನು ಇಟ್ಟುಕೊಂಡು ಹದಿನಾರನೇ ತಾರೀಖು ಏನು ಮಾಡುತ್ತೇನೆ ಎಂಬುದು ಬೇರೆ ಮಾತು. ಡಾಕ್ಟರಿಗೆ ಫೋನ್ ಮಾಡಿ ಮುಂದಕ್ಕೆ ಹಾಕಲಾಗುತ್ತದಾ ಕೇಳಿದೆ. ಆಗುವುದಿಲ್ಲ ಅಂದರು. ಈ ಸಲ 'ಸುಮ್ಮನೆ, ರೂಟೀನ್' ಅನ್ನಲಿಲ್ಲ.


ಏಪ್ರಿಲ್ 4, ಬೆಳಿಗ್ಗೆ

ತಮ್ಮ ಬಂದಿದ್ದ. ಹೊಸ ಉಪಾಯಗಳ ಮೂಟೆ. ಡಿಸೈನರ್ ಪ್ರಕಾರ ಹೊದಿಕೆ ಭಾರವಾಗಿರಬೇಕು, ಒಳಗೆ ಮಣಿ ತುಂಬಿದ್ದು. ಅವನ ಪ್ರಕಾರ ಪರದೆ ದಪ್ಪವಾಗಬೇಕು. ನನ್ನ ಪ್ರಕಾರ ಇಬ್ಬರೂ ಬಾಯಿ ಮುಚ್ಚಬೇಕು. ಮಾತಿಗೆ ಮಾತು ಬೆಳೆಯಿತು. ನಿನ್ನ ವ್ಯಾಪಾರಕ್ಕೆ ಅವಳನ್ನು ಬೊಂಬೆ ಮಾಡಬೇಡ ಅಂದೆ. ಅವನು, "ಅದು ಸಕ್ಸೆಸ್ ಆಗೋದು ನಿನಗೇ ಬೇಕಿರಲಿಲ್ಲ ಅಲ್ವಾ?" ಅಂದ. ಮೂರ್ಖರು ಗುರಿ ನೋಡದೆ ಎಸೆದ ಕಲ್ಲೂ ಒಮ್ಮೊಮ್ಮೆ ತಗುಲುತ್ತದೆ.

ಬೇಬಿ ತಟ್ಟೆಯಿಂದ ತಲೆ ಎತ್ತಿದಳು.

"ವಿಡಿಯೋದಲ್ಲಿ ನೀನಿಲ್ಲ" ಅಂದಳು. ನನಗೆ.

"ಏನಮ್ಮಾ?"

"ಒಳಗೆ ಯಾರೂ ಇರುವುದಿಲ್ಲ. ಕಿಟಕಿ ಪಕ್ಕದ ಸೋಫಾ ಖಾಲಿ ಇರುತ್ತದೆ." ನನ್ನ ದನಿಯಲ್ಲೇ, ನಾನು ನಿಲ್ಲಿಸಿದಲ್ಲಿ ನಿಲ್ಲಿಸಿ ಹೇಳಿದಳು. "ನೀನೇ ಹೇಳಿದೀಯ. ಆಮೇಲೆ ನೀನು ಸೋಫಾ ಮೇಲೆ ಕೂತ್ಕೊಂಡೆ."

ತಮ್ಮ ಫೋನು ತೆಗೆದು ವಿಡಿಯೋದ ಆ ಜಾಗ ಹುಡುಕಿ ನೋಡಿದ.

ಅವತ್ತು ನಾನು ಪ್ರೆಸ್ಸಿನ ಕೆಲಸಕ್ಕೆ ಬೇರೆ ಊರಿಗೆ ಹೋದಾಗ ಯಾಕೆ ಮಲಗಲಿಲ್ಲ ಹಾಗಾದರೆ, ಅಂದೆ. ನನ್ನ ದನಿ ಸ್ವಲ್ಪ ಜೋರಾಗಿತ್ತು.

"ಇಲ್ಲಿ ನೀನು ಇರಬೇಕು. ಇರಲಿಲ್ಲ. ಅಲ್ಲಿ ನೀನು ಇರೋ ಹಾಗಿಲ್ಲ. ಇದ್ದೆ." ಬ್ರೆಡ್ಡಿನ ಕೊನೆಯ ಚೂರು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. "ಎರಡೂ ತಪ್ಪು."

ಎದ್ದು ಹೋಗಿ ತಟ್ಟೆ ತೊಳೆದಿಟ್ಟಳು.

ಎಂ.ಎ. ಮಾಡಿದವಳು. ಕವಿತೆ ಗಿವಿತೆ ಓದುವವಳು. ಸಾಲಿನಲ್ಲಿ ಒಂದು ಬೇಡದ ಶಬ್ದ ಇದ್ದರೆ ಹತ್ತು ಅಡಿ ದೂರದಿಂದ ಹಿಡಿಯುವವಳು.


ಏಪ್ರಿಲ್ 12, ಬೆಳಿಗ್ಗೆ

ಏಳು ದಿನ ಇದನ್ನು ತೆರೆದಿರಲಿಲ್ಲ. ಯಾರನ್ನು ಬೈಯುವುದೆಂದು ತೋಚಿರಲಿಲ್ಲ.

ನಿನ್ನೆ ಎರಡನೇ ಅಭ್ಯಾಸ. ಗೇಟಿನವರೆಗೆ ಹೋದೆ. ಬೇಬಿ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಇಲ್ಲಿಂದ ವಿಡಿಯೋ" ಅಂದಳು. ಗೇಟು ಎಳೆದಳು, ಕಿರುಚಿತು. ಹಿಂದೆ ತಿರುಗಿ ನೋಡಲಿಲ್ಲ. ನಾನು ರಸ್ತೆಯಲ್ಲಿ ನಿಂತಿದ್ದೆ, ಮಗುವನ್ನು ಶಾಲೆಗೆ ಬಿಡಲು ಬಂದವರ ಹಾಗೆ. ಓನರ್ ಬಾಲ್ಕನಿಯಿಂದ ನೋಡಿ, ಒಳಗೆ ಬನ್ನಿ ಅಂತ ಕರೆದರು. ನಾನು ವಿಡಿಯೋದಲ್ಲಿಲ್ಲ ಅಂದೆ. ಅವರು ಬಾಲ್ಕನಿಯ ಬಾಗಿಲು ಹಾಕಿಕೊಂಡು ಒಳಗೆ ಹೋದರು. ನಮ್ಮ ಮನೆಯವರ ಬಗ್ಗೆ ಅವರ ತೀರ್ಮಾನ ಆಗಿದೆ.

ತಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದ. ಈಗಷ್ಟೇ ಫೋನು.

"ಮಲಗಿದ್ಲು ಕಣೆ. ಚೆನ್ನಾಗಿ. ಎದ್ದು ಸ್ನಾನನೂ ಆಯ್ತು."

"ಬ್ರೆಡ್ಡಿಗೆ ಅಂಚಿನವರೆಗೆ ಬೆಣ್ಣೆ ಹಚ್ಚಿದೆಯಾ?"

"ಅವಳೇ ಹಚ್ಕೊಂಡ್ಲು."

ಅವಳೇ ಹಚ್ಚಿಕೊಂಡಳು. ಅವಳಿಗೆ ಹಚ್ಚಲು ಬರುತ್ತದೆಯೇ ಎಂದು ನಾನು ಯಾವತ್ತೂ ಕೇಳಿಲ್ಲ. ದಿನಾ ಬೆಳಿಗ್ಗೆ ಚಾಕು ನನ್ನ ಕೈಯಲ್ಲೇ ಇರುತ್ತಿತ್ತು.

ನಿನ್ನೆ ರಾತ್ರಿ ಮಲಗದೇ ಇದ್ದವಳು ನಾನೊಬ್ಬಳೇ. ಕುರ್ಚಿಯೊಂದನ್ನು ಅವಳ ರೂಮಿನ ಬಾಗಿಲಿಗೆ ಎಳೆದುಕೊಂಡಿದ್ದೆ. ನನಗೆ ಮಾತ್ರ ಯಾರೂ, ಕುರ್ಚಿ ಅಷ್ಟೆ, ಹೆದರಬೇಡಿ, ಎಂದು ಹೇಳಲಿಲ್ಲ.

ಸಂಜೆ ಮತ್ತೆ ಬರೆಯುತ್ತಿದ್ದೇನೆ. ಮಧ್ಯಾಹ್ನ ಅವಳನ್ನು ಕರೆತರಲು ತಮ್ಮನ ಫ್ಲ್ಯಾಟಿಗೆ ಹೋದೆ. ಅವಳು ಅಲ್ಲೇ ಕೂತಿದ್ದಳು, ಬಾಗಿಲ ಹೊರಗೆ ಅವನ ಶೂ. ಜೋಡಿಯಾಗಿ, ಗೋಡೆಗೆ ತಾಗಿಸಿ ಇಟ್ಟಿದ್ದ. ಕಡೆಗೂ. ಅವನಿಗೆ ಇದನ್ನು ಕಲಿಸಲು ಒಂದು ಲೀಸು ಬೇಕಾಯಿತು.


ಏಪ್ರಿಲ್ 15, ಸಂಜೆ

ಆಸ್ಪತ್ರೆ. ಅಡ್ಮಿಟ್ ಆದೆ.

ಗೋಡೆ ಇಲ್ಲೂ ಅದೇ ಬನಿಯನ್ ಬಣ್ಣ. ಆ ಡಿಸೈನರ್ ಹುಡುಗಿಯ ಅಕ್ಕನೋ ತಂಗಿಯೋ ಇಲ್ಲಿ ಕೆಲಸ ಮಾಡಿರಬೇಕು. ಎದುರಿಗೆ ಸೂರ್ಯಕಾಂತಿಯ ಚಿತ್ರ, ಕೆಳಗೆ: ನಗುತ್ತಿರಿ. ಹೊಟ್ಟೆ ಖಾಲಿ ಮಾಡಿಸಿದ್ದಾರೆ. ನಗುವುದಕ್ಕೂ ಹೊಟ್ಟೆ ಬೇಕು.

ಬಂದವರೆಲ್ಲ ಒಂದೇ ಮಾತು: ಏನೂ ಆಗಲ್ಲ. ನರ್ಸ್, ಅರವಳಿಕೆಯವರು, ಬಿಲ್ಲಿನವರು. ಏನೂ ಆಗದಿದ್ದರೆ ಬಂದದ್ದಾದರೂ ಯಾಕೆ? ನಾಳೆ ಎಷ್ಟು ಹೊತ್ತಿಗೆ, ಎಲ್ಲಿಗೆ, ಯಾರು ಕರೆದೊಯ್ಯುತ್ತಾರೆ, ಎಚ್ಚರವಾದಾಗ ಎದುರಿಗೆ ಏನಿರುತ್ತದೆ. ಕೇಳಿದೆ. "ಅದನ್ನೆಲ್ಲ ನೀವು ತಲೆಗೆ ಹಚ್ಕೋಬೇಡಿ ಅಮ್ಮಾ" ಅಂದಳು ನರ್ಸ್. ಕಿವಿ ಮುಚ್ಚಿಕೊಂಡು ಕಾರಿಡಾರಿನಲ್ಲಿ ಕೂತುಬಿಡಬೇಕು ಅನಿಸಿತು. ನಿಜವಾಗಿ.

ಸಂಕಲನ ತಂದಿದ್ದೇನೆ. ಓದಲಾಗುತ್ತಿಲ್ಲ. ಎಲ್ಲ ಸಾಲೂ ಏನನ್ನೋ ಹೋಲುತ್ತವೆ. ಯಾವುದೂ ಯಾವುದನ್ನೂ ಹೇಳುವುದಿಲ್ಲ.

ಬೇಬಿ ಫ್ಲ್ಯಾಟಿನಿಂದ ಫೋನ್ ಮಾಡಿದಳು. ಹೇಗಿದ್ದೀಯ ಅನ್ನಲಿಲ್ಲ. ಅವಳು ಆ ಪ್ರಶ್ನೆ ಯಾರಿಗೂ ಕೇಳುವುದಿಲ್ಲ, ಉತ್ತರ ಸುಳ್ಳಿರುತ್ತದೆ ಎಂದು.

"ಅಲ್ಲಿ ಬಾಗಿಲು ಯಾವ ಕಡೆ ತೆಗೆಯುತ್ತೆ?"

"ಯಾವ ಬಾಗಿಲು?"

"ಕೊಯ್ಯೋ ರೂಮಿಂದು."

"ಗೊತ್ತಿಲ್ಲ ಬೇಬಿ."

"ನೋಡ್ಕೊಂಡು ಬಾ" ಅಂದಳು. "ವಿಡಿಯೋ ಇಲ್ವಲ್ಲ. ನೀನೇ ಮಾಡ್ಕೋ."


ಏಪ್ರಿಲ್ 16, ಬೆಳಿಗ್ಗೆ

ಸ್ಟ್ರೆಚರ್ ಬಂದಿದೆ. ತಳ್ಳುವವರು ಇನ್ನೊಬ್ಬರಿಗೆ ಕಾಯುತ್ತಿದ್ದಾರೆ. ಪೆನ್ನು ಕೊಡಿ ಅನ್ನುತ್ತಿದ್ದಾಳೆ ನರ್ಸ್. ಒಂದು ನಿಮಿಷ.

ಎಡಗಡೆಯ ಗಾಲಿ ಕೀಚು ಅನ್ನುತ್ತದೆ. ಮಲಗಿಕೊಂಡು ಹೋಗುವುದರಿಂದ ಚಾವಣಿ ಮಾತ್ರ ಕಾಣುತ್ತದೆ. ಚಾವಣಿಯಲ್ಲಿ ದೀಪಗಳಿವೆ. ಲಿಫ್ಟಿನ ಎದುರಿನದು ಮಿನುಗುತ್ತದೆ. ಲಿಫ್ಟಿನಲ್ಲಿ ಕನ್ನಡಿ ಇಲ್ಲ. ದಾರಿಯಲ್ಲಿ ಯಾರಾದರೂ 'ಏನೂ ಆ‍ಗಲ್ಲ' ಅನ್ನುತ್ತಾರೆ. ನಿರ್ಲಕ್ಷಿಸಬಹುದು. ಕೊನೆಗೆ ಎರಡು ರೆಕ್ಕೆಯ ಬಾಗಿಲು. ನಿನ್ನೆ ಸಂಜೆ ಎದ್ದು ಹೋಗಿ ನೋಡಿಬಂದೆ, ಒಳಕ್ಕೆ ತೆರೆಯುತ್ತದೆ. ಮುಚ್ಚುವಾಗ ಎರಡು ಸಲ ಬಡಿಯುತ್ತದೆ. ದಾರ ಕಪ್ಪು ಬಣ್ಣದ್ದು, ಕೇಳಿದೆ. ಒಳಗೆ ಚಳಿ ಇರುತ್ತದೆ. ದೊಡ್ಡ ದೀಪ ಇರುತ್ತದೆ. ಮುಖ ಮುಚ್ಚಿಕೊಂಡವರು ಇರುತ್ತಾರೆ. ನನ್ನವರು ಯಾರೂ ಇರುವುದಿಲ್ಲ. ಇರುವ ಹಾಗಿಲ್ಲ. ಅದು ಸರಿ. ಆಮೇಲೆ